ಎರಡೂ ತುದಿಗೆ ಜಾಗವಿದ್ದ ಸಾಲು

ನಮ್ಮೆಜಮಾನರು ಒಂದು ಸಾಲು ಕಟ್ಟಿದ್ದಾರೆ. ಮನೆ ಕಟ್ಟಿಲ್ಲ, ಸಾಲು ಕಟ್ಟಿದ್ದಾರೆ. ಅದಕ್ಕೆ ಆರು ವರ್ಷ ಹಿಡಿಯಿತು. ಅಷ್ಟರಲ್ಲಿ ನಮ್ಮ ಬಚ್ಚಲುಮನೆಯ ನಲ್ಲಿ ತೊಟ್ಟಿಕ್ಕಲು ಶುರುವಾಗಿ, ಜೋರಾಗಿ, ಕೊನೆಗೆ ಕೇಳುವವರಿಲ್ಲ ಅಂತ ತಾನೇ ಬೇಸತ್ತು ನಿಂತೂ ಹೋಯಿತು.

ಯಾವ ಸಾಲು ಅಂತ ಕೇಳಿದರೆ ಅವರು ಮೂರು ಗಂಟೆ ಹೇಳುತ್ತಾರೆ. ನಾನು ಮೂರು ಮಾತಲ್ಲಿ ಹೇಳಿಬಿಡುತ್ತೇನೆ. ಕಂಪ್ಯೂಟರಿನ ನೆನಪಿನಲ್ಲಿ ಒಂದು ಉದ್ದನೆಯ ಬೆಂಚು ಇದೆ ಅಂದುಕೊಳ್ಳಿ. ಅದರ ಮೇಲೆ ಹೆಸರುಗಳು ಭುಜಕ್ಕೆ ಭುಜ ತಾಗಿಸಿ ಕೂತಿರುತ್ತವೆ, ನಡುವೆ ಒಂದಿಷ್ಟೂ ಸಂದಿಲ್ಲ. ಮಿಕ್ಕವರು ಕಟ್ಟುವ ಬೆಂಚಿಗೆ ಹಿಂದುಗಡೆ ಮಾತ್ರ ಖಾಲಿ ಜಾಗ. ಯಾರಾದರೂ ಮುಂದೆ ಬಂದು ಕೂರಬೇಕೆಂದರೆ ಕೂತವರೆಲ್ಲ ಒಬ್ಬೊಬ್ಬರಾಗಿ ಸರಿಯಬೇಕು. ಇವರ ಬೆಂಚಿಗೆ ಎರಡೂ ತುದಿಯಲ್ಲಿ ಖಾಲಿ ಜಾಗ. ಮುಂದೆ ಬರುವವರು ಮುಂದೆ ಕೂರುತ್ತಾರೆ, ಹಿಂದೆ ಬರುವವರು ಹಿಂದೆ, ಯಾರೂ ಏಳಬೇಕಾಗಿಲ್ಲ. ಒಂದು ತುದಿಯ ಜಾಗ ತೀರಿಹೋದರೆ ಮಾತ್ರ ಬೇರೆ ಕಡೆ ಇನ್ನೂ ದೊಡ್ಡ ಬೆಂಚು ಹಾಕಿ, ಎಲ್ಲರನ್ನೂ ಅದೇ ಕ್ರಮದಲ್ಲಿ ಅಲ್ಲಿಗೆ ಸಾಗಿಸಲಾಗುತ್ತದೆ. ಇಷ್ಟೇ. ಇಷ್ಟಕ್ಕೆ ಆರು ವರ್ಷ.

ಈ ಸಾಲನ್ನು ಒಂದು ಲೈಬ್ರರಿಗೆ ಸೇರಿಸಬೇಕು ಅನ್ನುವುದು ಇವರ ಬದುಕಿನ ಆಸೆ. ಪುಸ್ತಕದ ಲೈಬ್ರರಿ ಅಲ್ಲ. ಪ್ರೋಗ್ರಾಂ ಬರೆಯುವವರು ಬೇಕೆಂದಾಗ ಎತ್ತಿಕೊಂಡು ಹೋಗಲಿ ಅಂತ ಸಿದ್ಧ ಸಾಮಾನು ಜೋಡಿಸಿಟ್ಟ ಉಗ್ರಾಣ ಅದು. ಅದರೊಳಗೆ ಹೋಗಬೇಕಾದರೆ ಒಂದು ಸಮಿತಿ ಒಪ್ಪಬೇಕು. ಸಮಿತಿಯಲ್ಲಿ ಒಂಬತ್ತು ಜನ, ಒಂಬತ್ತು ಊರಿನವರು, ಒಬ್ಬರ ಮುಖ ಒಬ್ಬರು ಕಂಡವರಲ್ಲ. ಅವರು ಬೆಂಚು ಗಟ್ಟಿಯಿದೆಯೋ ಇಲ್ಲವೋ ಅನ್ನುವುದನ್ನು ಎರಡು ದಿನದಲ್ಲಿ ನೋಡಿ ಮುಗಿಸಿದರು. ಮುಂದಿನ ಖಾಲಿ ಜಾಗವನ್ನು ‘ಬಿಡುವು’ ಅನ್ನಬೇಕೋ ‘ಅವಕಾಶ’ ಅನ್ನಬೇಕೋ ಅಂತ ಹನ್ನೊಂದು ವಾರ ಕಚ್ಚಾಡಿದರು. ಇವರಂತೂ ಊಟದ ತಟ್ಟೆಯ ಮುಂದೆ ಕೂತು ಅನ್ನ ಕಲಸುವುದನ್ನೂ ಬಿಟ್ಟು, “ಬಿಡುವು ಅಂದ್ರೆ ಸೋಮಾರಿತನದ ವಾಸನೆ ಬರುತ್ತೆ” ಅನ್ನುತ್ತಿದ್ದರು. ತಣ್ಣಗಾದ ಸಾರಿಗೆ ಯಾವ ವಾಸನೆ ಬರುತ್ತದೆ ಅನ್ನುವುದು ನನಗೆ ಮಾತ್ರ ಗೊತ್ತು.

ಮುಂದುಗಡೆ ಎಷ್ಟು ಜಾಗ ಖಾಲಿ ಬಿಡಬೇಕು ಅನ್ನುವುದಕ್ಕೆ ಮಾತ್ರ ಚರ್ಚೆಯೇ ಆಗಲಿಲ್ಲ. ಇವರು ನಾಲ್ಕು ಅಂದರು, ನಾಲ್ಕಾಯಿತು.

“ನಾಲ್ಕೇ ಯಾಕೆ ರೀ?” ಅಂತ ನಾನು ಕೇಳಿದ್ದೆ.

“ಐದು ಜನ ಒಟ್ಟಿಗೆ ಮುಂದೆ ನುಗ್ಗೋದು ಎಲ್ಲಾದ್ರೂ ನೋಡಿದೀಯಾ? ನುಗ್ಗಿದ್ರೂ ಚಿಂತೆ ಇಲ್ಲ, ದೊಡ್ಡ ಬೆಂಚಿಗೆ ಹೋಗುತ್ತೆ,” ಅಂದರು.

ಈ ಸಾಲಿನ ಬಗ್ಗೆ ಇವರು ಬರೆದ ಕೈಪಿಡಿಯನ್ನು ಮೊದಲಿಂದ ಕೊನೆಯವರೆಗೆ ಓದಿದವರು ಜಗತ್ತಿನಲ್ಲಿ ಒಬ್ಬರೇ, ನಮ್ಮ ದೊಡ್ಡತ್ತೆ. ಇವರ ತಾಯಿಯ ಅಕ್ಕ. ಹೆತ್ತಿದ್ದು ನಮ್ಮತ್ತೆಯಾದರೂ ಇವರನ್ನು ಸಾಕಿ ಆಳು ಮಾಡಿದ್ದು ದೊಡ್ಡತ್ತೆ. ಮೂವತ್ತನಾಲ್ಕು ವರ್ಷ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದಿದವರು. ಬಲಗಣ್ಣು ಹೋಗಿ ಬಹಳ ಕಾಲವಾಗಿತ್ತು. ಎಡಗಣ್ಣಿನ ಮುಂದಿನ ಗಾಜಿನಂಥ ಭಾಗ, ಕಾರ್ನಿಯಾ ಅನ್ನುತ್ತಾರಲ್ಲ, ಅದೂ ಮಂಜಾಗುತ್ತ ಬಂದಿತ್ತು. ಅಂಥದ್ದರಲ್ಲೂ ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು, ಭೂತಗನ್ನಡಿ ಹಿಡಿದು, ಕೈಪಿಡಿಯ ಅರವತ್ತು ಪುಟವನ್ನೂ ಓದಿದರು. ಅರ್ಥವಾಗಿದ್ದು ಎಷ್ಟೋ, ಆದರೆ ತಪ್ಪು ಹಿಡಿಯುವುದಕ್ಕೆ ಅರ್ಥವಾಗಲೇಬೇಕು ಅಂತೇನಿಲ್ಲ.

“ಲೋ, ಇಲ್ಲಿ ನಲವತ್ತೇಳನೇ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಏನೋ ಹಾಕಿದೀಯಲ್ಲ,” ಅಂದರು ಇವರಿಗೆ. “‘ಸಾಲಿಗೆ ಹೊಸಬರನ್ನು ಸೇರಿಸಿದ ಮೇಲೆ ಹಳೆಯ ವಿಳಾಸಗಳನ್ನು ನಂಬಬಾರದು’ ಅಂತ. ಇದು ಮುಖ್ಯಾನಾ?”

“ಮುಖ್ಯ ಅಂದ್ರೆ ಮುಖ್ಯ ದೊಡ್ಡಮ್ಮ. ಸಾಲು ಬೇರೆ ಬೆಂಚಿಗೆ ಹೋದ್ಮೇಲೆ ಹಳೇ ಬೆಂಚಿನ ವಿಳಾಸ ಇಟ್ಕೊಂಡು ಕೂತ್ರೆ ಕೆಟ್ಟಂಗೆ.”

“ಮುಖ್ಯ ಆದ್ರೆ ಇಲ್ಲಿ ಯಾಕೆ ಬಚ್ಚಿಟ್ಟಿದೀಯ? ತೆಗೆದು ಮೊದಲನೇ ಪುಟಕ್ಕೆ ಹಾಕು.”

“ಮೊದಲನೇ ಪುಟದಲ್ಲಿ ವೇಗದ ಚಿತ್ರ ಇದೆ ದೊಡ್ಡಮ್ಮ. ನನ್ನ ಸಾಲು ಬೇರೆಯವರದಕ್ಕಿಂತ ಎಷ್ಟು ಪಟ್ಟು ಜೋರು ಅಂತ ತೋರಿಸೋದು. ಜನ ಅದನ್ನೇ ನೋಡೋದು.”

ತಿದ್ದುವವರ ಕೆಲಸ ಗುರುತು ಹಾಕುವುದು, ಬದಲಾಯಿಸುವುದು ಬರೆದವರ ಇಷ್ಟ. ದೊಡ್ಡತ್ತೆ ಕೆಂಪು ಪೆನ್ಸಿಲಿನಲ್ಲಿ ಒಂದು ಬಾಣ ಎಳೆದು ಇಟ್ಟರು. ಬಾಣ ಕಾಗದದಲ್ಲೇ ಉಳಿಯಿತು, ಸಾಲು ಉಗ್ರಾಣಕ್ಕೆ ಹೋಯಿತು. ‘ಅವಕಾಶ’ ಗೆದ್ದಿತು. ಇವರು ಸಿಹಿ ತಂದರು.

ಇನ್ನು ನನ್ನ ವಿಷಯ. ನಾನು ಒಂದು ಕಣ್ಣಿನ ಆಸ್ಪತ್ರೆಯಲ್ಲಿ ಕಾಯುವವರ ಪಟ್ಟಿಯ ಕೌಂಟರಿನಲ್ಲಿ ಕೂರುತ್ತೇನೆ. ಸತ್ತವರು ದಾನ ಕೊಟ್ಟ ಕಣ್ಣು ಬಂದಾಗ ಅದು ಯಾರಿಗೆ ಅಂತ ನೋಡಿ, ಆ ಮನೆಗೆ ಫೋನು ಮಾಡಿ, ಕೂಡಲೇ ಬನ್ನಿ ಅನ್ನುವುದು ನನ್ನ ಕೆಲಸ. ಕಣ್ಣು ಹೆಚ್ಚು ದಿನ ಕಾಯುವುದಿಲ್ಲ, ಮನುಷ್ಯರು ಮಾತ್ರ ವರ್ಷಗಟ್ಟಲೆ ಕಾಯುತ್ತಾರೆ. ಮೊದಲು ಪಟ್ಟಿ ಒಂದು ದಪ್ಪ ಪುಸ್ತಕದಲ್ಲಿತ್ತು. ಆಮೇಲೆ ಒಂದು ಕಂಪನಿಯವರು ಬಂದು ಕಂಪ್ಯೂಟರಿಗೆ ಹಾಕಿದರು. ಅವರು ಉಗ್ರಾಣದಿಂದ ಎತ್ತಿಕೊಂಡು ಬಂದ ಸಾಲು ಯಾವುದು ಅಂತ ಬೇರೆ ಹೇಳಬೇಕಾಗಿಲ್ಲ. ಅವತ್ತು ಇವರಿಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ. “ನಿನ್ನ ಕೌಂಟರಲ್ಲಿ ನನ್ನ ಸಾಲು” ಅಂತ ಕಂಡಕಂಡವರಿಗೆಲ್ಲ ಹೇಳಿದರು. ತರಕಾರಿ ಮಾರುವವಳಿಗೂ ಹೇಳಿದರು. ಅವಳು ಪಾಪ, “ಒಳ್ಳೇದಾಯ್ತು ಸ್ವಾಮಿ, ಬದನೆಕಾಯಿ ಎಷ್ಟು ಹಾಕ್ಲಿ?” ಅಂದಳು.

ದೊಡ್ಡತ್ತೆಯ ಹೆಸರು ಅದೇ ಪಟ್ಟಿಯಲ್ಲಿತ್ತು. ಒಂದೂವರೆ ವರ್ಷ ಕಾದು ಕಾದು, ಪಟ್ಟಿ ಕಂಪ್ಯೂಟರಿಗೆ ಹೋಗುವ ಹೊತ್ತಿಗೆ ಮೊದಲನೆಯ ಜಾಗಕ್ಕೆ ಬಂದಿದ್ದರು. ಆದರೆ ಸಕ್ಕರೆ ಕಾಯಿಲೆ ಹತೋಟಿಗೆ ಬಂದು, ಡಾಕ್ಟರು ನೋಡಿ, ಆಪರೇಷನ್ನಿಗೆ ತಯಾರು ಅಂದ ಮೇಲೆಯೇ ಅವರ ಸರದಿ ಲೆಕ್ಕಕ್ಕೆ ಬರುವುದು. ಪರದೆಯ ಮೇಲೆ ಒಬ್ಬೊಬ್ಬರಿಗೂ ಒಂದೊಂದು ಚೀಟಿ, ತಯಾರಾದವರದ್ದು ಹಸಿರಾಗುತ್ತದೆ. ಹಸಿರಾಗದವರನ್ನು ಯಂತ್ರ ದಾಟಿಕೊಂಡು ಮುಂದಿನವರಿಗೆ ಹೋಗುತ್ತದೆ.

ಹೀಗಿರುವಾಗ ಒಂದು ಬೆಳಿಗ್ಗೆ ಬಾಟಲಿ ಕಾರ್ಖಾನೆಯೊಂದರಲ್ಲಿ ಏನೋ ಸಿಡಿದು, ಕಣ್ಣಿಗೆ ಗಾಜು ಹೊಕ್ಕವರನ್ನು ಕರೆತಂದರು. ಅಂಥವರನ್ನು ಎಲ್ಲರಿಗಿಂತ ಮುಂದೆ ಹಾಕಬೇಕು ಅನ್ನುವುದು ನಿಯಮ. ನಾನೇ ಒಬ್ಬೊಬ್ಬರನ್ನಾಗಿ ಮುಂದೆ ಸೇರಿಸಿದೆ. ಐದು ಜನ.

ಆ ಐವರದ್ದು ಮುಗಿಯಲು ಆರು ವಾರ ಹಿಡಿಯಿತು. ಅಷ್ಟರೊಳಗೆ ದೊಡ್ಡತ್ತೆಯ ಸಕ್ಕರೆಯೂ ಇಳಿಯಿತು. ಡಾಕ್ಟರು ಸರಿ ಅಂದರು, ಚೀಟಿಗೆ ಗುರುತು ಹಾಕಿದೆ, ಹಸಿರಾಯಿತು. ಮನೆಗೆ ಬಂದು ಹೇಳಿದಾಗ ದೊಡ್ಡತ್ತೆ ಕೈ ಚಾಚಿ ನನ್ನ ಕೆನ್ನೆ ಹುಡುಕಿ ಸವರಿದರು. “ನೋಡು, ಕಣ್ಣು ಬಂದ್ಮೇಲೆ ಮೊದಲು ನಿನ್ನ ಮುಖ ನೋಡ್ತೀನಿ. ಮದುವೆಯಲ್ಲಿ ನೋಡಿದ್ದು ಬಿಟ್ರೆ ಸರಿಯಾಗಿ ನೋಡೇ ಇಲ್ಲ. ಎಷ್ಟು ದಪ್ಪ ಆಗಿದೀಯೋ ಏನೋ,” ಅಂದರು. ನಾನು ಆ ಕೈಯನ್ನು ಕೆನ್ನೆಗೆ ಒತ್ತಿ ಹಿಡಿದು ನಕ್ಕೆ.

ಹತ್ತು ದಿನ ಕಳೆದು, ಒಂದು ಮಂಗಳವಾರ ಮಧ್ಯಾಹ್ನ, ಕಣ್ಣು ಬಂತು. ಗುಂಡಿ ಒತ್ತಿದೆ. ಪರದೆಯ ಮೇಲೆ ಒಬ್ಬ ಡ್ರಿಲ್ ಮಾಸ್ತರರ ಹೆಸರು ಬಂತು.

ನಾನು ದೊಡ್ಡತ್ತೆಯ ಚೀಟಿ ತೆಗೆದು ನೋಡಿದೆ. ಹಸಿರಾಗೇ ಇತ್ತು. ಸಾಲು ತೆಗೆದು ನೋಡಿದೆ. ಅವರೇ ಮೊದಲು, ಮಾಸ್ತರು ಎರಡನೆಯವರು. ತಕ್ಷಣ ಎದ್ದು ಮೇಲಿನವರ ಕೋಣೆಗೆ ಹೋಗಬೇಕಿತ್ತು. ಹದಿನೆಂಟು ಹೆಜ್ಜೆ, ನಡುವೆ ಒಂದು ನೀರಿನ ಪಾತ್ರೆ, ಅಷ್ಟೇ ದೂರ. ಆದರೆ ಸ್ವಂತದವರು ಪಟ್ಟಿಯಲ್ಲಿದ್ದರೆ ನಾವು ಕ್ರಮಕ್ಕೆ ಕೈ ಹಾಕಬಾರದು ಅಂತ ನನ್ನಿಂದ ಸಹಿ ಹಾಕಿಸಿಕೊಂಡಿದ್ದರು. ಪಕ್ಕದ ಕೌಂಟರಿನವಳು ಆಗಲೇ ಎರಡು ಸಲ, “ನಿಮ್ಮತ್ತೆಗೇನಮ್ಮಾ, ಮನೆಯವರೇ ಕೌಂಟರಲ್ಲಿ ಕೂತಿದಾರೆ” ಅಂತ ಕುಟುಕಿದ್ದಳು. ಅವಳ ಬಾಯಿಗೆ ಹೆದರಿ ನಾನು ಕೂತಲ್ಲೇ ಕೂತೆ. ಕೂತು, ಇವರಿಗೆ ಫೋನು ಮಾಡಿದೆ.

“ರೀ, ಕಣ್ಣು ಬಂದಿದೆ. ದೊಡ್ಡತ್ತೆ ಮೊದಲು ಇದಾರೆ, ಆದ್ರೆ ಎರಡನೆಯವರ ಹೆಸರು ಬಂತು.”

“ದೊಡ್ಡಮ್ಮ ತಯಾರಿಲ್ಲ ಅಂತ ಇರುತ್ತೆ.”

“ಚೀಟಿ ಹಸಿರಾಗಿದೆ ರೀ. ನಿಮ್ಮ ಸಾಲಲ್ಲಿ ಏನಾದ್ರೂ ಎಡವಟ್ಟಾಗಿದೆಯಾ?”

ಹೆತ್ತ ಮಗುವಿಗೆ ಕಳ್ಳ ಅಂದಿದ್ದರೂ ಇವರಿಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

“ಹನ್ನೆರಡು ಸಾವಿರ ಪರೀಕ್ಷೆ ದಾಟಿ ಬಂದಿರೋ ಸಾಲು ಅದು. ನನ್ನ ಸಾಲು ತಪ್ಪಲ್ಲ. ಡಾಕ್ಟರು ಏನೋ ಕಾರಣಕ್ಕೆ ತಡೆ ಹಿಡಿದಿರ್ತಾರೆ, ನಿಂಗೆ ಹೇಳಿರಲ್ಲ. ಈಗ ಸಮಿತಿಯವರ ಜೊತೆ ಮಾತಾಡ್ತಾ ಇದೀನಿ, ‘ಹಿಂಭಾಗದ ಅವಕಾಶ’ದ ಹೆಸರಿನ ಚರ್ಚೆ ಶುರುವಾಗಿದೆ. ಆಮೇಲೆ ಮಾಡ್ತೀನಿ.”

ನಾನು ಇನ್ನೂ ಹತ್ತು ನಿಮಿಷ ಹಸಿರು ಚೀಟಿಯನ್ನೇ ನೋಡುತ್ತ ಕೂತಿದ್ದೆ. ಆಮೇಲೆ ಮಾಸ್ತರರಿಗೆ ಫೋನು ಮಾಡಿದೆ. ಅವರು ಸಂತೋಷಕ್ಕೆ ಅತ್ತುಬಿಟ್ಟರು. ಒಳ್ಳೆಯ ಮನುಷ್ಯ, ಅವರ ಮೇಲೆ ನನಗೆ ಸಿಟ್ಟಿಲ್ಲ.

ಶುಕ್ರವಾರ ಕಾರಿಡಾರಿನಲ್ಲಿ ಎದುರಾದ ದೊಡ್ಡ ಡಾಕ್ಟರು, “ಏನಮ್ಮಾ, ನಿಮ್ಮತ್ತೆ ಇನ್ನೂ ತಯಾರಿಲ್ಲ ಅಂತ ಯಂತ್ರ ತೋರಿಸ್ತಂತೆ? ನಾನೇ ಸರಿ ಅಂತ ಹೇಳಿದ್ದೆನಲ್ಲ?” ಅಂದರು. ಹಾಗಾದರೆ ಡಾಕ್ಟರು ತಡೆ ಹಿಡಿದೇ ಇರಲಿಲ್ಲ. ರಜೆ ಹಾಕಿ ಮನೆಗೆ ಓಡಿದೆ. ಇವರ ಎದುರು ನಿಂತು, “ಈಗ ನೋಡ್ತೀರೋ ಇಲ್ವೋ?” ಅಂದೆ. ನನ್ನ ಮುಖ ಹೇಗಿತ್ತೋ, ಬಾಯಿ ಮುಚ್ಚಿಕೊಂಡು ಕಂಪನಿಯವರಿಂದ ಪ್ರೋಗ್ರಾಂ ತರಿಸಿಕೊಂಡು ನೋಡಲು ಕೂತರು. ದೊಡ್ಡತ್ತೆ ಅಲ್ಲೇ ಕಿಟಕಿಯ ಹತ್ತಿರ ತಮ್ಮ ಕುರ್ಚಿಯಲ್ಲಿದ್ದರು.

ಒಂದು ಗಂಟೆಯೂ ಆಗಿರಲಿಲ್ಲ. ಇವರು ಕುರ್ಚಿಯಿಂದ ಹಾರಿ ಎದ್ದರು. ಮುಖದಲ್ಲಿ ಬೆಳಕು. ಮದುವೆಯ ದಿನವೂ ಆ ಮುಖದಲ್ಲಿ ಅಂಥ ಬೆಳಕು ನಾನು ಕಂಡಿರಲಿಲ್ಲ.

“ಸಿಕ್ತು! ನಂದಲ್ಲ ತಪ್ಪು! ನನ್ನ ಸಾಲಲ್ಲಿ ಏನೂ ಇಲ್ಲ!”

ಆಗಿದ್ದು ಹೀಗೆ. ಕಂಪನಿಯವರು ಪ್ರತಿಯೊಬ್ಬರ ಚೀಟಿಯಲ್ಲೂ ಅವರು ಬೆಂಚಿನ ಮೇಲೆ ಕೂತ ಜಾಗದ ವಿಳಾಸ ಬರೆದಿಟ್ಟುಕೊಂಡಿದ್ದರು, ಮತ್ತೆ ಮತ್ತೆ ಹುಡುಕುವುದು ಯಾಕೆ ಅಂತ. ಕಾರ್ಖಾನೆಯ ನಾಲ್ಕು ಜನ ಮುಂದಿನ ನಾಲ್ಕು ಖಾಲಿ ಜಾಗದಲ್ಲಿ ಕೂತರು. ಐದನೆಯವನಿಗೆ ಜಾಗವಿರಲಿಲ್ಲ. ಸಾಲು ಒಪ್ಪವಾಗಿ ಎಲ್ಲರನ್ನೂ ಎತ್ತಿ ದೊಡ್ಡ ಬೆಂಚಿಗೆ ಸಾಗಿಸಿತು. ಚೀಟಿಯಲ್ಲಿ ಮಾತ್ರ ಹಳೆಯ ಬೆಂಚಿನ ವಿಳಾಸವೇ ಉಳಿಯಿತು. ಅದಾದ ಮೇಲೆ ನಾನು ಹಾಕಿದ ‘ತಯಾರು’ ಅನ್ನುವ ಗುರುತು ಹೋಗಿ ಬಿದ್ದಿದ್ದು ಎಲ್ಲರೂ ಎದ್ದುಹೋದ ಹಳೆಯ ಬೆಂಚಿನ ಮೇಲೆ. ನಾನು ಚೀಟಿ ತೆಗೆದಾಗ ಅದೂ ಅಲ್ಲಿಗೇ ಹೋಗಿ ನೋಡಿ ಹಸಿರು ತೋರಿಸಿತು. ಹೊಸ ಬೆಂಚಿನಲ್ಲಿ ನಿಜವಾಗಿ ಕೂತಿದ್ದ ದೊಡ್ಡತ್ತೆಯ ಮೈಮೇಲೆ ಯಾವ ಗುರುತೂ ಇರಲಿಲ್ಲ. ಮಾಸ್ತರು ಸಾಲು ಸಾಗುವ ಮೊದಲೇ ತಯಾರಾಗಿದ್ದವರು, ಅವರ ಗುರುತು ಅವರ ಜೊತೆಗೇ ಸಾಗಿ ಬಂದಿತ್ತು.

“ವಿಳಾಸ ನಂಬಬೇಡಿ ಅಂತ ನಾನು ಬರೆದಿದೀನಿ! ಕಪ್ಪು ಅಕ್ಷರದಲ್ಲಿ ಬರೆದಿದೀನಿ!” ಅಂತ ಇವರು ಕೋಣೆಯ ತುಂಬ ಓಡಾಡಿದರು.

“ನಲವತ್ತೇಳನೇ ಪುಟದಲ್ಲಿ,” ಅಂದರು ದೊಡ್ಡತ್ತೆ ಕುರ್ಚಿಯಿಂದ.

ಇವರು ನಿಂತರು. “ಎಲ್ಲೋ ಒಂದ್ಕಡೆ ಬರೆದಿದೀನಲ್ಲ ದೊಡ್ಡಮ್ಮ. ಓದದೇ ಇದ್ದದ್ದು ಅವರ ತಪ್ಪು.”

“ನಾನು ಓದಿದ್ದೆ,” ಅಂದರು ದೊಡ್ಡತ್ತೆ. ನನ್ನನ್ನು ಅವರು ಏನೂ ಕೇಳಲಿಲ್ಲ. ಕೌಂಟರಿನಲ್ಲಿ ಅವತ್ತು ಯಾರಿದ್ದರು ಅಂತ ಅವರಿಗೆ ಗೊತ್ತಿತ್ತು. ಯಂತ್ರ ಹೇಳಿದ ಹಾಗೆ ಮಾಡಿದ್ದಾಳೆ ಅಂದುಕೊಂಡಿದ್ದರು. ಅವರು ಹಾಗೇ ಅಂದುಕೊಂಡಿರಲಿ ಅಂತ ನಾನೂ ಬಿಟ್ಟೆ.

ಆಮೇಲೆ ವಿಚಾರಣೆ. ಕಂಪನಿಯವರು ಉಗ್ರಾಣದ ಸಾಲೇ ಸರಿಯಿಲ್ಲ ಅಂತ ಬರೆದುಕೊಟ್ಟರು. ಅದನ್ನು ಓದಿ ಇವರ ಮೈಯೆಲ್ಲ ಉರಿದುಹೋಯಿತು. ಮೂರು ವಾರ ಹಗಲಿಡೀ ಕೂತು ತಮ್ಮ ಸಾಲಿನ ಪರವಾಗಿ ಎಪ್ಪತ್ತು ಪುಟದ ಸಮರ್ಥನೆ ಬರೆದರು. ಬಾಣ, ಚೌಕ, ಬಣ್ಣಬಣ್ಣದ ಬೆಂಚು. ಮತ್ತೆ ‘ತಯಾರು’ ಅಂತ ಗುರುತು ಹಾಕಬೇಕಾದರೆ ದೊಡ್ಡತ್ತೆಯನ್ನು ಹೊಸದಾಗಿ ತಪಾಸಣೆಗೆ ಕರೆದುಕೊಂಡು ಹೋಗಬೇಕಿತ್ತು. “ಈ ವಾರ ಬೇಡ, ಸಮರ್ಥನೆ ಮುಗೀಲಿ,” ಅಂದರು. ನಾನು ಕರೆದುಕೊಂಡು ಹೋದೆ. ಎರಡನೆಯ ಸಲ ಹೋದಾಗ ಕಣ್ಣು ಕೆಂಪಾಗಿತ್ತು. ಮೂರನೆಯ ಸಲ ಹೋದಾಗ ದೊಡ್ಡ ಡಾಕ್ಟರು ದೀಪ ಬಿಟ್ಟು ಬಹಳ ಹೊತ್ತು ನೋಡಿದರು. ಸೋಂಕು ಒಳಗೆ ಇಳಿದಿತ್ತು. ಮೊದಲೇ ಬದಲಾಯಿಸಿದ್ದರೆ ಆ ಮಾತು ಬೇರೆ, ಇನ್ನು ಬೇರೆಯವರ ಕಣ್ಣು ತಂದು ಹಾಕಿದರೂ ಪ್ರಯೋಜನವಿಲ್ಲ ಅಂದರು. ನನ್ನ ಮುಖ ನೋಡಿ ಹೇಳಲಿಲ್ಲ, ಕೈ ತೊಳೆಯುತ್ತ ಹೇಳಿದರು. ದೊಡ್ಡತ್ತೆಯ ಕೈ ನನ್ನ ಕೈಯಲ್ಲಿತ್ತು. ಅದು ಸುಮ್ಮನೆ ಭಾರವಾಯಿತು.

ಅದಾಗಿ ಹದಿನೈದು ದಿನಕ್ಕೆ ಇವರು ಗೆದ್ದರು.

ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಬಾಗಿಲು ದಡಾರನೆ ತೆರೆದು ಬಂದರು. ಕೈಯಲ್ಲಿ ಮೊಹರು ಬಿದ್ದ ಕಾಗದ. ನೇರ ದೊಡ್ಡತ್ತೆಯ ಕುರ್ಚಿಯ ಮುಂದೆ ಹೋಗಿ ಕೂತು, ಶಾಲೆಯಿಂದ ಅಂಕಪಟ್ಟಿ ತಂದ ಹಾಗೆ, ಕಾಗದವನ್ನು ಅವರ ಮುಖದ ಮುಂದೆ ಹಿಡಿದರು.

“ಬಂತು ದೊಡ್ಡಮ್ಮ! ನೋಡು!”

“ಏನದು, ಗಾಳಿ ಬೀಸ್ತಿದೀಯಾ?” ಅಂದರು ದೊಡ್ಡತ್ತೆ.

ಇವರ ಕೈ ಕೆಳಗಿಳಿಯಿತು. “ವಿಚಾರಣೆಯ ತೀರ್ಮಾನ ದೊಡ್ಡಮ್ಮ. ನನ್ನ ಕಡೆ ಆಗಿದೆ.”

“ಓದು.”

ಇವರು ಓದಿದರು. ಸಾಲಿನಲ್ಲಿ ಯಾವುದೇ ದೋಷವಿಲ್ಲ. ಅದು ತನ್ನ ಕೈಪಿಡಿಯಲ್ಲಿ ಹೇಳಿದಂತೆಯೇ ನಡೆದುಕೊಂಡಿದೆ. ಕಂಪನಿಯವರು ಅಂದಿನ ರೂಢಿಗೆ ತಕ್ಕಂತೆ ಕೆಲಸ ಮಾಡಿದ್ದು, ಅವರದ್ದೂ ನಿರ್ಲಕ್ಷ್ಯ ಎನ್ನಲಾಗದು. ಆಸ್ಪತ್ರೆಯ ಸಿಬ್ಬಂದಿ ಪರದೆಯ ಸೂಚನೆಯನ್ನು ಪಾಲಿಸಿದ್ದು, ಅವರ ಮೇಲೂ ಆರೋಪವಿಲ್ಲ. ಮುಂದಿನ ಆವೃತ್ತಿಯಲ್ಲಿ ಮುಂಭಾಗದ ಅವಕಾಶವನ್ನು ನಾಲ್ಕರಿಂದ ಎಂಟಕ್ಕೆ ಏರಿಸುವುದು ಸೂಕ್ತ.

“ಮುಗೀತಾ?”

“ಮುಗೀತು ದೊಡ್ಡಮ್ಮ.”

“ಹಾಗಾದ್ರೆ ನಿನ್ನ ತಪ್ಪಿಲ್ಲ.”

“ಇಲ್ಲ.”

“ಕಂಪನಿಯವರದ್ದೂ ಇಲ್ಲ. ಆಸ್ಪತ್ರೆಯವರದ್ದೂ ಇಲ್ಲ.”

“ಇಲ್ಲ ಅಂತ ಬರೆದಿದಾರೆ.”

ದೊಡ್ಡತ್ತೆ ಮುಖವನ್ನು ಇವರ ಮಾತು ಬಂದ ಕಡೆ ತಿರುಗಿಸಿದರು. ನಿಜವಾಗಿಯೂ ಗೊತ್ತಾಗದೆ ಕೇಳುವವರ ಹಾಗಿತ್ತು ಅವರ ದನಿ.

“ಯಾರದೂ ಏನೂ ತಪ್ಪೇ ಆಗಿಲ್ಲ ಅಂದ್ಮೇಲೆ ನಂಗೆ ಕಾಣಬೇಕಲ್ಲೋ ಮಗಾ. ಯಾಕೆ ಕಾಣ್ತಿಲ್ಲ?”

ಎಪ್ಪತ್ತು ಪುಟ ಬರೆದ ಇವರು ಕಾಗದವನ್ನು ನಾಲ್ಕು ಮಡಿಕೆ ಮಡಚಿದರು. ಏನಾದರೂ ಹೇಳು ಅನ್ನುವ ಹಾಗೆ ನನ್ನ ಕಡೆ ತಿರುಗಿದರು. ದೊಡ್ಡತ್ತೆಯೂ ತಿರುಗಿದರು, ನಾನು ಎಲ್ಲಿ ನಿಂತಿದ್ದೇನೆ ಅಂತ ಅವರಿಗೆ ಹೇಗೆ ಗೊತ್ತಾಯಿತೋ.

“ಒಲೆ ಮೇಲೆ ಹಾಲಿಟ್ಟಿದೀನಿ,” ಅಂತ ಹೇಳಿ ನಾನು ಅಡುಗೆಮನೆಗೆ ಹೋದೆ. ಒಲೆ ಹಚ್ಚಿರಲೇ ಇಲ್ಲ.